ಕೊನೆದನಿಗೆ ಕಾಯುವ ಊರು

ಬೆಟಗೇರಿ,
ಹದಿಮೂರನೆಯ ತಿಂಗಳ ೧೮, ೨೩೪೮

ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಹಾಡುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಇದ್ಯಾವ ಹುಚ್ಚಿಯ ಓಲೆ ಎಂದು ಬದಿಗಿಡಬೇಡಿ. ನಿಮ್ಮ ಹನ್ನೆರಡು ತಿಂಗಳನ್ನು ಮುರಿದು ನಾವು ಹದಿಮೂರು ಮಾಡಿಕೊಂಡು ಬಹಳ ಕಾಲವಾಯಿತು. ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ, ಎಲ್ಲವೂ ಸೋಮವಾರವೇ ಶುರು. ವರ್ಷದ ಕೊನೆಗೆ ಉಳಿಯುವ ಒಂದು ದಿನ ಯಾವ ವಾರಕ್ಕೂ ಸೇರುವುದಿಲ್ಲ. ಅಂದು ಊರೆಲ್ಲ ಮಲಗಿರುತ್ತದೆ. ಕ್ರಿಸ್ಮಸ್ ಈಗ ಹದಿಮೂರನೆಯ ತಿಂಗಳ ಇಪ್ಪತ್ಮೂರಕ್ಕೆ ಬರುತ್ತದೆ. ನಮ್ಮ ಮುದುಕಿಯರು ಮಾತ್ರ ಇವತ್ತಿಗೂ ಡಿಸೆಂಬರ್ ಎನ್ನುವುದನ್ನು ಬಿಟ್ಟಿಲ್ಲ, ಯಾರಾದರೂ ತಿದ್ದಲು ಹೋದರೆ ಅವರ ಕಥೆ ಮುಗಿಯಿತು. ಈ ಓಲೆಯಲ್ಲಿ ನಿಮಗೆ ಗುರುತಿಲ್ಲದ ಮಾತುಗಳು ಬರುತ್ತವೆ, ಕ್ಷಮೆ ಇರಲಿ. ಆ ವಸ್ತುಗಳೇ ನಿಮ್ಮಲ್ಲಿಲ್ಲದಿರುವಾಗ ಮಾತುಗಳು ಎಲ್ಲಿಂದ ಬರಬೇಕು? ನಿಮ್ಮನ್ನು ಹಿರಿಯರೇ ಎಂದು ಕರೆಯುವಾಗಲೂ ನಗು ಬರುತ್ತದೆ. ಇದನ್ನು ಓದುವವರಲ್ಲಿ ಅರ್ಧ ಜನ ವಯಸ್ಸಿನಲ್ಲಿ ನನಗೆ ಮಕ್ಕಳಾಗಬೇಕು.

ನನ್ನ ಹೆಸರು ಕರುಣಾವತಿ ಹಂಚಿನಮನಿ. ಬೆಟಗೇರಿಯ ಗಾಯನವೃಂದದ ನಾಯಕಿ. ಕ್ರಿಸ್ಮಸ್ಸಿನ ದೊಡ್ಡ ಹಾಡಿಕೆಯ ಮುಂಚೆ ನಾಯಕಿಯಾದವಳು ಹಿಂದಿನ ಕಾಲದವರಿಗೊಂದು ಓಲೆ ಬರೆದು ಹಾರ್ಮೋನಿಯಮ್ಮಿನ ತಿದಿಯ ಹಿಂದೆ ಸಿಕ್ಕಿಸಿಡುವುದು ನಮ್ಮಲ್ಲಿ ರೂಢಿ. ಅದು ನಿಮಗೆ ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ, ತಂದುಕೊಟ್ಟವರನ್ನು ಕೇಳಿ. ನನಗಿಂತ ಮುಂಚಿನ ನಾಯಕಿಯರು ವಿನಯದಿಂದ ಬರೆದರು, ಆಶೀರ್ವಾದ ಬೇಡಿದರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ.

ಮೊದಲು ನಮ್ಮ ದಿನಚರಿ ಹೇಳುತ್ತೇನೆ, ಇಲ್ಲದಿದ್ದರೆ ನಮ್ಮ ಈಗಿನ ಜಗಳ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಾಲದಲ್ಲಿ ಡಿಸೆಂಬರಿನಲ್ಲೂ ಬೆಳಗಿನ ಒಂಬತ್ತು ದಾಟಿದರೆ ಗೋಡೆ ಮುಟ್ಟಲಾಗುವುದಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕೆಲಸ ಮುಗಿಸುತ್ತೇವೆ, ಬಿಸಿಲೇರಿದ ಮೇಲೆ ಒಳಗೆ ಸೇರಿ ಮಲಗುತ್ತೇವೆ, ಸಂಜೆ ಇನ್ನೊಂದು ದಿನ ಶುರುವಾದಂತೆ ಮತ್ತೆ ಏಳುತ್ತೇವೆ. ಜೋಳದ ರೊಟ್ಟಿ ಇದೆ, ಶೇಂಗಾ ಚಟ್ನಿ ಇದೆ, ಹೆದರಬೇಡಿ. ರೊಟ್ಟಿ ಬೇಯುವುದು ಮಾತ್ರ ಮಾಳಿಗೆಯ ಮೇಲಿನ ಬಿಸಿಲುಹಂಚಿನಲ್ಲಿ, ಒಲೆಯ ಮಾತೇ ಇಲ್ಲ. ಬೆಟಗೇರಿ ಇವತ್ತಿಗೂ ನೇಕಾರರ ಊರೇ. ನಿಮ್ಮ ಕಾಲದಲ್ಲಿ ಸೀರೆ ನೇಯುತ್ತಿದ್ದ ಮನೆಗಳಲ್ಲಿ ಈಗ ನೆರಳುಬಟ್ಟೆ ನೇಯುತ್ತಾರೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ತಲೆಯ ಮೇಲೆ ಕಟ್ಟುವ ದಪ್ಪ ಬಟ್ಟೆ ಅದು. ಅದಿಲ್ಲದೆ ಓಣಿಯಲ್ಲಿ ಯಾರೂ ನಡೆಯಲಾರರು. ಸಭಾಗೃಹ, ದವಾಖಾನೆ, ಶಾಲೆ ಇಂಥ ದೊಡ್ಡ ಕಟ್ಟಡಗಳಿಗೆ ತಂಪುಕೊಳವೆ ಇರುತ್ತದೆ; ನೆಲದ ಆಳದಿಂದ ತಣ್ಣನೆಯ ಗಾಳಿ ತರುವ ಕೊಳವೆ. ಕೊಳವೆ ಮುಚ್ಚಿದ ಕಟ್ಟಡ ಹಗಲಿನಲ್ಲಿ ಸತ್ತಂತೆಯೇ.

ನಮ್ಮ ಹಾಡುವ ಮನೆಗೂ ಒಂದು ತಂಪುಕೊಳವೆ ಇತ್ತು. ಇತ್ತು ಎಂದದ್ದನ್ನು ಗಮನಿಸಿ. ಅದಕ್ಕೆ ಬರುತ್ತೇನೆ.

ಯೋನಪ್ಪನ ವಿಷಯ ಹೇಳದೆ ಮುಂದೆ ಹೋಗಲಾರೆ. ಯೋನಪ್ಪ ನಮ್ಮ ವೃಂದದಲ್ಲಿ ಎಲ್ಲಕ್ಕಿಂತ ಕೆಳಗೆ ಹಾಡುವ ಬಾಸ್ ದನಿಗಳಲ್ಲಿ ಒಬ್ಬ. ಕಂಬ ಏರಿ ನೆರಳುಬಟ್ಟೆ ಕಟ್ಟುವುದು ಅವನ ಕೆಲಸವಾಗಿತ್ತು. ಇಪ್ಪತ್ತು ವರ್ಷ ಮೇಲಿನ ಧೂಳು ಕುಡಿದು ಅವನ ಪುಪ್ಪುಸ ಕೆಟ್ಟಿದೆ. ದನಿ ಇನ್ನೂ ಗಟ್ಟಿಯಾಗಿದೆ, ಉಸಿರು ಮಾತ್ರ ಸಾಲುವುದಿಲ್ಲ. ಸಾಲಿನ ಮಧ್ಯೆ ಒಮ್ಮೆ ನಿಲ್ಲುತ್ತಾನೆ, ಎಳೆದುಕೊಳ್ಳುತ್ತಾನೆ, ಎಲ್ಲರೂ ಮುಗಿಸಿದ ಮೇಲೆ ತನ್ನ ಕೊನೆಯ ಎರಡು ಅಕ್ಷರಗಳನ್ನು ತಂದು ಇಡುತ್ತಾನೆ. ಪಾಪ, ಸಾಧು ಮನುಷ್ಯ ಎಂದು ಕನಿಕರಪಡಬೇಡಿ. ಅವನಂಥ ತಕರಾರಿನ ಮನುಷ್ಯ ಗದಗ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಗಂಡಸರಲ್ಲಿ ಮೇಲಿನ ದನಿಯ ಟೆನರಿನವರು ಕಿರಿಚುತ್ತಾರೆ ಎನ್ನುತ್ತಾನೆ, ನಾನು ಕೈ ಬೀಸುವುದು ನೊಣ ಓಡಿಸಿದಂತಿದೆ ಎನ್ನುತ್ತಾನೆ. ಅವನನ್ನು ನಾವು ಕೊನೆದನಿ ಎಂದು ಕರೆಯುತ್ತೇವೆ. ಅದು ಬೈಗುಳವಲ್ಲ, ವೃಂದದಲ್ಲಿ ಅದೊಂದು ಸ್ಥಾನ. ಪ್ರತಿ ತಲೆಮಾರಿನಲ್ಲೂ ನಮಗೊಬ್ಬ ಕೊನೆದನಿ ಇದ್ದಾರೆ. ಅವರು ಮುಗಿಸುವವರೆಗೆ ಉಳಿದವರು ಮುಂದಿನ ಸಾಲಿಗೆ ಹೋಗುವಂತಿಲ್ಲ.

ಈ ಪದ್ಧತಿ ಹುಟ್ಟಿದ್ದು ಒಂದು ತಪ್ಪಿನಿಂದ. ನಾವು ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಸ್ವರಪುಸ್ತಕಗಳಲ್ಲಿ ಸಾಲಿನ ಕೊನೆಯ ಸ್ವರದ ಮೇಲೆ ಒಂದು ಸಣ್ಣ ಕಮಾನು, ಅದರೊಳಗೆ ಒಂದು ಚುಕ್ಕೆ ಇರುತ್ತದಲ್ಲ, ನಾವು ಅದನ್ನು ಕಣ್ಣು ಎನ್ನುತ್ತೇವೆ. ಇಲ್ಲಿ ಸಾಲು ಮುಗಿಯಿತು, ಸ್ವರವನ್ನು ಕೊಂಚ ಹಿಡಿದು ಉಸಿರು ತೆಗೆದುಕೊಳ್ಳಿ ಎನ್ನುವುದಷ್ಟೇ ಹಳೆಯ ಜರ್ಮನ್ ಹಾಡುಗಳಲ್ಲಿ ಅದರ ಅರ್ಥ. ನಮ್ಮೂರಿನಲ್ಲಿ ಹೇಳುವ ಕಥೆ ಹೀಗಿದೆ: ಕಡಲು ದಾಟಿ ಬಂದ ಒಬ್ಬ ಪಾದ್ರಿ ನಮ್ಮ ನೇಕಾರರಿಗೆ ಮೊದಲ ಸಲ ನಾಲ್ಕು ದನಿಯ ಹಾಡು ಕಲಿಸುತ್ತಿದ್ದ. ಕಣ್ಣಿನ ಗುರುತು ಬಂದಾಗ ಒಂದು ಕೈ ಎತ್ತಿ ಹಿಡಿದ. ಅದೇ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಒಬ್ಬಾಕೆಗೆ ಕೆಮ್ಮು ಬಂದು, ಪಾದ್ರಿ ಅವಳ ಕಡೆ ನೋಡುತ್ತ ಕೆಮ್ಮು ನಿಲ್ಲುವವರೆಗೆ ಕೈ ಇಳಿಸಲಿಲ್ಲ. ಕೆಮ್ಮು ನಿಂತ ಮೇಲೆ ಆಕೆ ತನ್ನ ಬಾಕಿ ಉಳಿದಿದ್ದ ಸಾಲನ್ನು ಹಾಡಿ ಮುಗಿಸಿದಳು. ನಮ್ಮವರು ನೋಡಿದರು, ತಿಳಿದುಕೊಂಡರು: ಈ ಗುರುತು ಬಂದರೆ ಹಿಂದಿನ ಬೆಂಚಿಗೆ ಕಾಯಬೇಕು. ಆಮೇಲೆ ಪಾದ್ರಿ ಎಷ್ಟೋ ಸಲ ತಿದ್ದಿದನಂತೆ. ಅಷ್ಟರಲ್ಲಿ ಹಿಂದಿನ ಬೆಂಚಿನವರಿಗೆ ರುಚಿ ಹತ್ತಿಬಿಟ್ಟಿತ್ತು. ಪಾದ್ರಿ ಸೋತು ಸುಮ್ಮನಾದ.

ಇನ್ನು ಚರಿತ್ರೆ. ವೃಂದಗಾನದ ಚರಿತ್ರೆಯನ್ನು ಶಾಲೆಗಳಲ್ಲಿ ದೊಡ್ಡ ದೊಡ್ಡ ಹೆಸರುಗಳ ಮೆರವಣಿಗೆಯಂತೆ ಕಲಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಯಾರು ಯಾರಿಗೆ ಕಾದರು ಎಂಬುದೇ ನಮ್ಮ ಲೆಕ್ಕದಲ್ಲಿ ಅದರ ಚರಿತ್ರೆ. ಮೊದಮೊದಲು ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಎಲ್ಲರೂ ಸೇರಿ ಒಂದೇ ಸ್ವರಸಾಲನ್ನು ಹಾಡುತ್ತಿದ್ದರು. ತಾಳವಿಲ್ಲ, ವಾದ್ಯವಿಲ್ಲ, ಕಲ್ಲಿನ ಗೋಡೆಯಿಂದ ದನಿ ಮರಳಿ ಬರುವವರೆಗೆ ನಿಲ್ಲುವುದು, ಮತ್ತೆ ಮುಂದುವರಿಯುವುದು. ಆಮೇಲೆ ಯಾರಿಗೋ ಒಂದು ಎಳೆಯ ಪಕ್ಕಕ್ಕೆ ಇನ್ನೊಂದು ಎಳೆ ಇಡುವ ಧೈರ್ಯ ಬಂತು. ಒಬ್ಬರು ಹಾಡಿದ್ದನ್ನೇ ಐದು ಸ್ವರ ಆಚೆಯಿಂದ ಇನ್ನೊಬ್ಬರು ಹಾಡಿದರು. ಇಟಲಿಯ ಒಬ್ಬ ಸನ್ಯಾಸಿ ಗೆರೆಗಳನ್ನೆಳೆದು ಸ್ವರಗಳನ್ನು ಅವುಗಳ ಮೇಲೆ ಕೂರಿಸಿದ. ಕೇಳದೇ ಇದ್ದ ಹಾಡನ್ನೂ ನೋಡಿ ಹಾಡುವಂತಾಯಿತು. ಪ್ಯಾರಿಸಿನಲ್ಲಿ ಒಂದು ಗುಂಪು ಒಂದೇ ಅಕ್ಷರವನ್ನು ಬಲು ಹೊತ್ತು ಹಿಡಿದು ನಿಂತಿತು, ಅದರ ಮೇಲೆ ಇನ್ನೊಂದು ಗುಂಪು ಕುಣಿಯಿತು. ಟೆನರ್ ಎನ್ನುವ ಹೆಸರೇ ಹಿಡಿದುಕೊಂಡವನು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನಮ್ಮ ಟೆನರಿನವರು ಇದನ್ನು ಕೇಳಿದ ದಿನದಿಂದ ನೆಲದ ಮೇಲೆ ನಡೆಯುತ್ತಿಲ್ಲ.

ಮುಂದೆ ಮೂರ್ನಾಲ್ಕು ನೂರು ವರ್ಷಗಳಲ್ಲಿ ನಾಲ್ಕು ದನಿಗಳೂ ಸರಿಸಮವಾದವು. ಒಬ್ಬರು ಎತ್ತಿದ ರಾಗವನ್ನು ಇನ್ನೊಬ್ಬರು ಕಾದಿದ್ದು ಎತ್ತಿಕೊಂಡರು, ಆಮೇಲೆ ಮೂರನೆಯವರು, ಆಮೇಲೆ ನಾಲ್ಕನೆಯವರು. ಅಷ್ಟು ಚೆಂದದ ಸಂಗೀತದಲ್ಲಿ ಎಷ್ಟೋ ಕಡೆ ಹೆಂಗಸರಿಗೆ ಜಾಗವಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇಲಿನ ದನಿಗಳನ್ನು ಹುಡುಗರೂ ಗಂಡಸರೂ ಹಾಡಿದರು. ನಮ್ಮನ್ನು ಕಾಯಿಸಿದ ಶತಮಾನಗಳನ್ನು ನಾವು ಮರೆತಿಲ್ಲ. ಆಮೇಲೆ ಜರ್ಮನಿಯಲ್ಲಿ ಧರ್ಮದ ದೊಡ್ಡ ಜಗಳವಾಗಿ, ಸಾಮಾನ್ಯ ಜನ ತಮ್ಮ ಮಾತಿನಲ್ಲೇ ಹಾಡತೊಡಗಿದರು. ಅವರಿಗೆ ಹಿಡಿಯಲು ಸುಲಭವಾಗಲೆಂದು ಕಾಲಕ್ರಮದಲ್ಲಿ ರಾಗವನ್ನು ಎಲ್ಲಕ್ಕಿಂತ ಮೇಲಿನ ದನಿಗೆ ಕೊಟ್ಟರು, ಉಳಿದ ಮೂರು ದನಿ ಅದರ ಕೆಳಗೆ ಹೊಂದಿಕೊಂಡು ನಿಂತವು. ಕಣ್ಣಿನ ಗುರುತು ಸಾಲುಸಾಲಿಗೂ ಬಂದದ್ದು ಆ ಹಾಡುಗಳಲ್ಲೇ. ಮುಂದೆ ವಾದ್ಯಗಳ ದಂಡು ಸೇರಿತು, ಗಂಟೆಗಟ್ಟಲೆ ನಡೆಯುವ ಕಥಾಗಾನಗಳಾದವು, ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ನೂರಾರು ಕೂಲಿಕಾರರು ಒಟ್ಟಿಗೆ ನಿಂತು ಹಾಡಿದರು. ಗೆರೆ ಓದಲು ಬಾರದವರಿಗೆ ಅಕ್ಷರಗಳಲ್ಲೇ ಸ್ವರ ಬರೆದು ಕಲಿಸಿದರು. ಅದೇ ಕಾಲದಲ್ಲಿ ಹಡಗು ಹತ್ತಿ ನಾಲ್ಕು ದನಿ ನಮ್ಮ ಕಡಲತೀರಕ್ಕೂ, ಘಟ್ಟ ಹತ್ತಿ ನಮ್ಮ ಮಗ್ಗಗಳ ಓಣಿಗೂ ಬಂತು.

ನಿಮ್ಮ ಹಿಂದಿನ ಶತಮಾನದವರು ಹಾಡುಗಾರರಿಂದ ಪಿಸುಮಾತಾಡಿಸಿದರು, ಕಿರುಚಿಸಿದರು, ಪಕ್ಕಪಕ್ಕದ ಸ್ವರಗಳನ್ನೆಲ್ಲ ಒಟ್ಟಿಗೆ ಒತ್ತಿಸಿದರು. ಒಳ್ಳೆಯದೇ ಮಾಡಿದರು. ಆಮೇಲೆ ನೀವು ಬಂದಿರಿ. ಮಹಾಮಾರಿಯ ವರ್ಷಗಳಲ್ಲಿ ನೀವು ಒಬ್ಬೊಬ್ಬರೇ ನಿಮ್ಮ ನಿಮ್ಮ ಕೋಣೆಯಲ್ಲಿ ನಿಂತು, ಕಿವಿಗೆ ತಾಳ ಸಿಕ್ಕಿಸಿಕೊಂಡು ಹಾಡಿದಿರಿ. ಯಾರೋ ಕೂತು ಎಲ್ಲವನ್ನೂ ಹೊಲಿದು ಒಂದು ಹಾಡು ಮಾಡಿದರು. ಆಗ ನಿಮಗೆ ಬೇರೆ ದಾರಿ ಇರಲಿಲ್ಲ, ಬಲ್ಲೆ. ಅಳುತ್ತ ಹಾಡಿದವರಿದ್ದರು, ಅದನ್ನೂ ಬಲ್ಲೆ. ಆದರೆ ಆ ಹೊಲಿಗೆಯಲ್ಲಿ ತಡವಾಗಿ ಮುಗಿಸಿದವರ ಬಾಲವನ್ನು ಕತ್ತರಿಸಬಹುದು, ತಪ್ಪಿದ ಸ್ವರವನ್ನು ಮೇಲೆತ್ತಿ ಕೂರಿಸಬಹುದು ಎಂಬುದು ಎಲ್ಲರಿಗೂ ರೂಢಿಯಾಯಿತು. ಮಾರಿ ಹೋಯಿತು, ಕತ್ತರಿ ಉಳಿಯಿತು.

ನಿಮ್ಮ ನಂತರ ಬಂದದ್ದು ಬಿಸಿಲು ಶತಮಾನ. ದೊಡ್ಡ ಸಭಾಗೃಹಗಳು ಮುಚ್ಚಿದವು, ಜನ ನೆಲಮಾಳಿಗೆಗೆ ಇಳಿದರು. ಅಲ್ಲಿ ಗಾಳಿ ಕಡಿಮೆ, ಆದ್ದರಿಂದ ಜೋರಾಗಿ ಹಾಡುವಂತಿರಲಿಲ್ಲ. ತಗ್ಗಿದ ದನಿಯಲ್ಲಿ, ಹತ್ತಿರ ಹತ್ತಿರದ ಸ್ವರಗಳಲ್ಲಿ, ಒಬ್ಬರಾದ ಮೇಲೊಬ್ಬರು ಉಸಿರು ತೆಗೆದುಕೊಳ್ಳುತ್ತ ಹಾಡಿದರು. ಅದನ್ನು ತಳಮನೆ ಶೈಲಿ ಎನ್ನುತ್ತೇವೆ. ಎಲ್ಲರಿಗಿಂತ ಮೇಲೆ ಹಾಡುವ ಸೊಪ್ರಾನೋಗಳ ಜಂಬ ಇಳಿದದ್ದು ಆ ಕಾಲದಲ್ಲಿ. ನಾನು ಅವರ ಕೆಳಗೆ ಹಾಡುವ ಆಲ್ಟೋ, ಆದ್ದರಿಂದ ನಿಷ್ಪಕ್ಷಪಾತವಾಗಿ ಹೇಳುತ್ತಿದ್ದೇನೆ. ತಂಪುಕೊಳವೆಗಳು ಬಂದ ಮೇಲೆ ಜನ ಮತ್ತೆ ಮೇಲೆ ಬಂದರು. ನೂರು ವರ್ಷ ಒಬ್ಬರಿಂದೊಬ್ಬರು ದೂರವಿದ್ದವರಿಗೆ ಒಟ್ಟಿಗೆ ಹಾಡುವ ಹಸಿವು ಎಷ್ಟಿತ್ತೆಂದರೆ, ಜಗತ್ತಿನ ಎಲ್ಲ ವೃಂದಗಳೂ ಒಂದೇ ಕ್ಷಣಕ್ಕೆ ಒಂದೇ ಹಾಡು ಹಾಡಬೇಕೆಂದು ಹೊರಟರು. ಅದರ ಹೆಸರು ಏಕಗಾನ. ವರ್ಷಕ್ಕೊಮ್ಮೆ, ಕ್ರಿಸ್ಮಸ್ ದಿನ. ನಮ್ಮಲ್ಲಿ ಆಗ ಬೆಳಗಿನ ಹತ್ತು ಗಂಟೆ.

ಏಕಗಾನದ ಆಸೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಚಿಕ್ಕಂದಿನಲ್ಲಿ ನನಗೂ ಮೈ ನವಿರೇಳುತ್ತಿತ್ತು. ಆದರೆ ಒಂದೇ ಕ್ಷಣ ಎಂದರೆ ಯಾರ ಕ್ಷಣ? ಅದಕ್ಕಾಗಿ ತಿದ್ದುಪರದೆ ಬಂತು. ಹಾಡುಗಾರರ ಮುಂದೆ ಇಳಿಬಿಡುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪರದೆ ಅದು. ಬಾಯಿಂದ ಹೊರಟ ದನಿಯನ್ನು ಅಲ್ಲೇ ಹಿಡಿದು, ಸ್ವರ ಸರಿಮಾಡಿ, ತಾಳಕ್ಕೆ ಕೂರಿಸಿ ಎದುರಿನ ಗೋಡೆಯಿಂದ ಹೊರಬಿಡುತ್ತದೆ; ಒಮ್ಮೆ ಹಿಡಿದ ದನಿಯನ್ನು ಅದು ಮರೆಯುವುದಿಲ್ಲ. ಇಲ್ಲಿಯವರೆಗೆ ನಮ್ಮಂಥ ಸಣ್ಣ ಊರುಗಳಿಗೆ ಪರದೆ ಕಡ್ಡಾಯವಿರಲಿಲ್ಲ. ಜಗತ್ತು ಹಾಡಿ ಮುಗಿಸಿದ ಮೇಲೂ ನಾವು ನಮ್ಮಷ್ಟಕ್ಕೆ ಹಾಡುತ್ತಿದ್ದೆವು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಈ ವರ್ಷ ಕಡ್ಡಾಯ ಮಾಡಿದರು. ಪರದೆ ಒಪ್ಪಿದ ವೃಂದಕ್ಕೆ ಮಾತ್ರ ಮಾನ್ಯತೆ, ಮಾನ್ಯತೆ ಇದ್ದ ಮನೆಗೆ ಮಾತ್ರ ತಂಪುಕೊಳವೆ.

ಇದನ್ನು ಹೇಳಲು ಏಕಗಾನದ ಕಚೇರಿಯಿಂದ ಬಂದವಳು ವೀರಾ ಸಲ್ಡಾನ. ಮಂಗಳೂರಿನವಳು, ತಿಳಿದವಳು, ಒಳ್ಳೆಯ ದನಿಯವಳು. ಅವಳನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ನಮ್ಮ ಪದ್ಧತಿಯ ಕಥೆಯನ್ನು ಪೂರ್ತಿ ಕೇಳಿದಳು, ಕೆಮ್ಮಿದವಳ ಭಾಗಕ್ಕೆ ನಕ್ಕಳು. ಆಮೇಲೆ, ಅದು ಪದ್ಧತಿಯಲ್ಲ, ಐನೂರು ವರ್ಷದಿಂದ ತಿದ್ದದೇ ಉಳಿದ ತಪ್ಪು ಎಂದಳು. ತಪ್ಪೇ ಎಂದೆ, ಆದರೆ ಈಗ ಅದು ನಮ್ಮದು ಎಂದೆ. ಯೋನಪ್ಪನನ್ನು ಹೊರಗೆ ಕಳಿಸಬೇಕಾಗಿಲ್ಲ, ಅವನು ಎಂದಿನಂತೆ ಹಾಡಲಿ, ಪರದೆ ಅವನ ಸಾಲನ್ನು ಹೊತ್ತಿಗೆ ಸರಿಯಾಗಿ ಮುಗಿಸಿಕೊಡುತ್ತದೆ ಎಂದು ಸಮಾಧಾನ ಹೇಳಿದಳು.

"ನೀವು ಬೇಜಾರು ಮಾಡ್ಬೇಡಿ ಮಾರಾಯ್ರೆ. ಅವರ ಸ್ವರ ಎಲ್ಲಿಗೂ ಹೋಗುದಿಲ್ಲ. ಚಂದ ಆಗ್ತದೆ ಅಷ್ಟೇ."

ನಮ್ಮವರಲ್ಲಿ ಅನೇಕರಿಗೆ ಇದು ಸರಿ ಎನ್ನಿಸಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೂ ಅನ್ನಿಸಿತು. ತಂಪು ಉಳಿಯುತ್ತದೆ, ಯೋನಪ್ಪನೂ ಉಳಿಯುತ್ತಾನೆ, ಇನ್ನೇನು ಬೇಕು? ಒಂದು ಸಲ ಪರದೆ ಇಳಿಸಿ ಹಾಡಿ ನೋಡೋಣ ಎಂದು ಒಪ್ಪಿಕೊಂಡೆವು. ಕ್ರಿಸ್ಮಸ್ಸಿಗೆ ಗೊತ್ತುಮಾಡಿದ್ದ ಹಾಡಿನ ಮೊದಲ ಸಾಲು ಎತ್ತಿದೆವು. ಎದುರಿನ ಗೋಡೆಯಿಂದ ನಮ್ಮದೇ ದನಿಗಳು ಮರಳಿ ಬಂದವು; ತೊಳೆದು ಇಸ್ತ್ರಿ ಮಾಡಿದ ಬಟ್ಟೆಯ ಹಾಗಿದ್ದವು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ನಾನು ಅಷ್ಟು ಚೆನ್ನಾಗಿ ಎಂದೂ ಹಾಡಿಲ್ಲ. ಸಾಲಿನ ಕೊನೆ ಬಂತು. ಗೋಡೆಯಿಂದ ಬರುತ್ತಿದ್ದ ಯೋನಪ್ಪನ ದನಿ ಎಲ್ಲರೊಂದಿಗೆ ಸರಿಯಾಗಿ ಮುಗಿಸಿತು. ಇತ್ತ ಹಿಂದಿನ ಬೆಂಚಿನಲ್ಲಿ ಯೋನಪ್ಪ ಬಾಯಿ ತೆರೆದುಕೊಂಡು ಉಸಿರಿಗೆ ಒದ್ದಾಡುತ್ತಿದ್ದ, ಅವನ ಎರಡು ಅಕ್ಷರ ಇನ್ನೂ ಗಂಟಲಲ್ಲೇ ಇದ್ದವು. ಅವನು ಅವನ್ನು ಹಾಡಲಿಲ್ಲ. ಬಾಯಿ ಮುಚ್ಚಿದ. ಪರದೆ ನಿಲ್ಲಿಸಿದರು. ಅವನು ಎದ್ದು ನಿಂತು ವೀರಾಳಿಗೆ ಹೇಳಿದ:

"ನಾ ಇನ್ನೂ ಹಾಡಾಕತ್ತೀನ್ರೀ, ಅಲ್ಲಿ ನನ್ನ ದನಿ ಮುಗಿಸಿ ಸುಮ್ಮಗಾತು. ಹಂಗಿದ್ರ ನಾ ಯಾಕ ಉಸಿರು ಕಳ್ಕೋಬೇಕು? ಅದರ ಕೂಡನ ಹಾಡ್ಕೊಳ್ರಿ."

ವೀರಾ ಏನೋ ಹೇಳಹೊರಟಳು. ನಾನು ಕೈ ಎತ್ತಿದೆ. ಇನ್ನೊಂದು ಸಲ ಮೊದಲಿನಿಂದ ಎಂದೆ. ಪರದೆ ಇರಲಿ ಎಂದೆ. ಎರಡನೆಯ ಸಲ ಸಾಲಿನ ಕೊನೆ ಬಂದಾಗ ನಾನು ಯಾರಿಗೂ ಏನೂ ಹೇಳಿರಲಿಲ್ಲ, ಕೈಯನ್ನು ಎತ್ತಿಯೇ ಹಿಡಿದೆ, ಅಷ್ಟೇ. ನಲವತ್ತು ಜನ ಬಾಯಿ ಮುಚ್ಚಿ ನಿಂತರು. ಗೋಡೆ ನಿಲ್ಲಲಿಲ್ಲ. ನಾವು ಹಾಡದಿದ್ದರೂ ನಮ್ಮ ದನಿಗಳಲ್ಲಿ ಎರಡನೆಯ ಸಾಲು ಎತ್ತಿಕೊಂಡಿತು, ಮೂರನೆಯದಕ್ಕೆ ಹೋಯಿತು. ನನ್ನ ದನಿಯೂ ಅದರಲ್ಲಿತ್ತು, ನನ್ನ ತುಟಿ ಬಿಗಿದಿತ್ತು. ಆಲ್ಟೋದ ಮುದುಕಿಯೊಬ್ಬಳು ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಆ ಗದ್ದಲದ ನಡುವೆ ಹಿಂದಿನ ಬೆಂಚಿನಿಂದ ಯೋನಪ್ಪನ ಎರಡು ಅಕ್ಷರ ಬಂದವು, ಒರಟಾಗಿ, ತಡವಾಗಿ, ಸ್ವಲ್ಪ ಇಳಿದ ಸ್ವರದಲ್ಲಿ. ಅವನು ಮುಗಿಸಿದ ಮೇಲೆ ನಾನು ಕೈ ಇಳಿಸಿದೆ, ನಾವು ನಮ್ಮ ಎರಡನೆಯ ಸಾಲು ಶುರುಮಾಡಿದೆವು. ಗೋಡೆ ಅಷ್ಟು ಹೊತ್ತಿಗೆ ಹಾಡನ್ನೇ ಮುಗಿಸಿ ಕೂತಿತ್ತು.

ನೀವು ಕೇಳಬಹುದು, ಒಬ್ಬ ಮನುಷ್ಯನ ಎರಡು ಅಕ್ಷರಕ್ಕೆ ಹಾಡುವ ಮನೆಯ ತಂಪು ಕಳೆದುಕೊಳ್ಳುವುದು ಯಾವ ಜಾಣತನ ಎಂದು. ನಮ್ಮವರೂ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮಿಂದ ಅರ್ಧ ದಿನದ ದಾರಿಯಲ್ಲಿ ಒಂದು ಊರಿದೆ, ಹೆಸರು ಹೇಳಿ ಅವರ ಮರ್ಯಾದೆ ತೆಗೆಯುವುದಿಲ್ಲ. ನನ್ನ ತಾಯಿಯ ಕಾಲದಲ್ಲಿ ಅಲ್ಲಿ ನಮ್ಮದಕ್ಕಿಂತ ದೊಡ್ಡ ವೃಂದವಿತ್ತು. ಪರದೆಯನ್ನು ಅವರು ಎಲ್ಲರಿಗಿಂತ ಮೊದಲೇ ತಂದುಕೊಂಡರು. ಮೊದಲು ಅತಿ ನಿಧಾನದ ಒಬ್ಬರು ಬರುವುದನ್ನು ಬಿಟ್ಟರು, ತಾನು ಬಂದರೂ ಒಂದೇ ಬಿಟ್ಟರೂ ಒಂದೇ ಎಂದು. ಅವರು ಹೋದ ಮೇಲೆ ನಿಧಾನದವರೇ ಇಲ್ಲದಂತಾಗಲಿಲ್ಲ. ಅವರಿಗಿಂತ ತುಸು ಚುರುಕಾಗಿದ್ದವರು ಕೊನೆಯವರಾದರು. ಅವರೂ ಬಿಟ್ಟರು. ಹೀಗೆ ಒಬ್ಬೊಬ್ಬರೇ. ಈಗ ಅಲ್ಲಿ ಏಕಗಾನದ ದಿನ ಜನ ಒಳ್ಳೆಯ ಬಟ್ಟೆ ಉಟ್ಟು ಬಂದು ತಂಪಿನಲ್ಲಿ ಕೂರುತ್ತಾರೆ, ಸತ್ತುಹೋದ ತಮ್ಮ ಅಜ್ಜಿಯರ ದನಿಯಲ್ಲಿ ಗೋಡೆ ಹಾಡುತ್ತದೆ, ಕೇಳಿ ಎದ್ದು ಹೋಗುತ್ತಾರೆ. ಒಬ್ಬರೂ ಬಾಯಿ ತೆರೆಯುವುದಿಲ್ಲ. ಮಾನ್ಯತೆಯ ಫಲಕ ಬಾಗಿಲ ಮೇಲೆ ಹೊಳೆಯುತ್ತಿದೆ. ಅದನ್ನು ನೋಡಿ ಬಂದ ದಿನ ನಾನು ಊಟ ಮಾಡಲಿಲ್ಲ.

ನಾವು ಕೂತು ಮಾತಾಡಿದೆವು, ಜಗಳವಾಡಿದೆವು, ಇಬ್ಬರು ಎದ್ದು ಹೋದರು. ಉಳಿದವರು ಬೇಡ ಎಂದರು. ಪರದೆ ಬೇಡ ಎಂಬ ಉತ್ತರವನ್ನು ನಾನೇ ವೀರಾಳ ಕೈಗೆ ಕೊಟ್ಟೆ. ಅವಳು ಓದಿ, ನಿಮ್ಮ ಹಾಡು ಈ ಓಣಿ ದಾಟಿ ಯಾರಿಗೂ ಕೇಳಿಸುವುದಿಲ್ಲವಲ್ಲ, ಅದರ ಬಗ್ಗೆ ಯೋಚನೆ ಮಾಡಿದ್ದೀರಾ ಎಂದು ಕೇಳಿದಳು. ಬೆದರಿಸಲು ಕೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ಓಣಿಯಲ್ಲಿ ಯಾರೂ ಇಲ್ಲವೇ ಎಂದು ನಾನು ತಿರುಗಿ ಕೇಳಿದೆ. ಸೋಮವಾರ ಕೊಳವೆ ಮುಚ್ಚಿದರು. ಹಾಡುವ ಮನೆಯ ಒಳಗೆ ಈಗ ಹಗಲಿನಲ್ಲಿ ಕಾಲಿಡಲಾಗುವುದಿಲ್ಲ, ಹಾರ್ಮೋನಿಯಮ್ಮಿನ ಮರ ಬಿರುಕು ಬಿಡತೊಡಗಿದೆ. ಬೆಳಕು ಹರಿಯುವ ಮುಂಚೆ ಓಣಿಯಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದೇವೆ. ಆದರೆ ಹಬ್ಬದ ಹಾಡನ್ನು ಮುಂಜಾನೆಗೆ ತಳ್ಳುವುದಿಲ್ಲ. ಹತ್ತು ಗಂಟೆಗೇ, ಆ ಬಿಸಿಲಲ್ಲೇ, ಜಗತ್ತು ಹಾಡುವಾಗಲೇ ಹಾಡುತ್ತೇವೆ.

ಇವತ್ತು ಬೆಳಿಗ್ಗೆ ಯೋನಪ್ಪ ನಮ್ಮ ಮನೆಗೆ ಬಂದಿದ್ದ. ಅವನು ಯಾರ ಮನೆಗೂ ಹೋಗುವವನಲ್ಲ. ಕಟ್ಟೆಯ ಮೇಲೆ ಕೂತು ನೀರು ಕುಡಿದು, ನನ್ನ ಮುಖ ನೋಡದೆ ಹೇಳಿದ:

"ನಾ ಬಿಡ್ತೀನ್ರಿ ಅಕ್ಕಾರ. ನನ್ನೊಬ್ಬನ ಸಲುವಾಗಿ ಮಂದಿ ಬಿಸಲಾಗ ಸಾಯೋದು ಬ್ಯಾಡ."

ಮೂವತ್ತು ವರ್ಷ ನನ್ನ ಕೈಬೀಸನ್ನು ಆಡಿಕೊಂಡವನು ಹೀಗೆ ತಗ್ಗಿದ ದನಿಯಲ್ಲಿ ಮಾತಾಡಿದ್ದು ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾನು ಅವನಿಗೆ ಅಂದೆ:

"ನಿನ್ನ ಸಲುವಾಗಿ ಯಾರು ಮಾಡಾಕತ್ತಾರೋ? ನಾಳೆ ನೀ ಬಿಟ್ಟಿ ಅಂದ್ರ ಆ ಬೆಂಚಿನ ಮ್ಯಾಲೆ ಯಾರು ಕುಂದರ್ತಾರ ಗೊತ್ತೈತೇನು? ನಾ. ನನಗ ಅರವತ್ತೆಂಟು ತುಂಬಿದವು, ಮೊನ್ನೆಯಿಂದ ನನ್ನ ಉಸಿರೂ ಸಾಲವಲ್ದು. ನನ್ನ ಜಾಗ ಕಾಯ್ಕೊಂಡು ಕುಂದರು, ಬಾಯಿ ಮುಚ್ಕೊಂಡು ಹಾಡು."

ಬಾಯಿ ಮುಚ್ಚಿಕೊಂಡು ಹೇಗೆ ಹಾಡುವುದು ಎಂದು ಅವನು ಕೇಳಿದ. ಅಂದರೆ ಮನುಷ್ಯ ಸರಿಹೋದ ಎಂದು ತಿಳಿದೆ. ಇಷ್ಟು ಹೊತ್ತಿಗೆ ಅವನು ಓಣಿಯ ಮೇಲೆ ಹಬ್ಬಕ್ಕೆಂದು ಎರಡು ಪದರ ನೆರಳುಬಟ್ಟೆ ಕಟ್ಟಿಸುತ್ತಿರಬೇಕು. ತಾನು ಮೇಲೆ ಹತ್ತುವಂತಿಲ್ಲವಾದ್ದರಿಂದ ಕೆಳಗೆ ನಿಂತು ಹತ್ತಿದವರನ್ನು ಬಯ್ಯುತ್ತಿದ್ದಾನೆ, ಇಲ್ಲಿಗೂ ಕೇಳಿಸುತ್ತಿದೆ.

ನಿಮ್ಮಿಂದ ನನಗೆ ಕ್ಷಮೆ ಬೇಕಿಲ್ಲ, ಪಶ್ಚಾತ್ತಾಪವೂ ಬೇಕಿಲ್ಲ. ಮುನ್ನೂರು ವರ್ಷ ಹಿಂದೆ ಕೂತು ನೀವು ನಮ್ಮ ಕೊಳವೆಯನ್ನು ತೆರೆಸಲಾರಿರಿ. ಐದು ದಿನಗಳಾದ ಮೇಲೆ ಜಗತ್ತು ಒಂದೇ ಕ್ಷಣಕ್ಕೆ ಶುರುಮಾಡಿ ಒಂದೇ ಕ್ಷಣಕ್ಕೆ ಮುಗಿಸುತ್ತದೆ, ಆಗ ನಾವು ಎರಡನೆಯ ಸಾಲಿನಲ್ಲೋ ಮೂರನೆಯದರಲ್ಲೋ ಬೆವರು ಸುರಿಸುತ್ತ ನಿಂತಿರುತ್ತೇವೆ. ಮುಗಿಸಿಕೊಳ್ಳಲಿ. ನಮಗೇನೂ ಅವಸರವಿಲ್ಲ.

ಒಂದೇ ಒಂದು ಕೆಲಸ ಮಾತ್ರ ನಿಮ್ಮ ಕೈಯಲ್ಲಿದೆ, ಅದನ್ನು ಕೇಳಿಯೇ ಬಿಡುತ್ತೇನೆ. ಬರುವ ಭಾನುವಾರ ನೀವು ಹಾಡಲು ನಿಂತಾಗ ನಿಮ್ಮ ಹಿಂದೆ ಯಾರೋ ಒಬ್ಬಾಕೆ ತಡವಾಗಿ ಮುಗಿಸುತ್ತಾಳೆ. ಸ್ವರವೂ ಸ್ವಲ್ಪ ಜಾರಿರುತ್ತದೆ. ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಿ ತಿರುಗಿ ನೋಡುತ್ತೀರಿ, ನಿಮ್ಮ ನಾಯಕರು ಅಭ್ಯಾಸದ ನಂತರ ಆಕೆಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಮಾತಾಡಬೇಕೆಂದಿರುತ್ತಾರೆ. ಮಾತಾಡಬೇಡಿ. ಕಾಯಿರಿ. ಆಕೆ ನಾಚಿಕೆಯಿಂದ ಮನೆಗೆ ಹೋಗಿ ಕೂತರೆ ತನ್ನ ಮಗಳಿಗೆ ಹಾಡು ಕಲಿಸುವುದಿಲ್ಲ, ಆ ಮಗಳು ತನ್ನ ಮಗಳಿಗೆ ಕಲಿಸುವುದಿಲ್ಲ, ಆಮೇಲೆ ಈ ಓಣಿಯಲ್ಲಿ ನಿಂತು ಹಾಡಲು ನಾನು ಇರುವುದಿಲ್ಲ.

ಕರುಣಾವತಿ ಹಂಚಿನಮನಿ
ಆಲ್ಟೋ, ಬೆಟಗೇರಿ